ಮಾವನ ಎದುರಿನ ಕುರ್ಚಿ

ಹೊನ್ನಾಳಿಯ ಆ ಕಲ್ಯಾಣ ಮಂಟಪದಲ್ಲಿ ಅವತ್ತು ಮದುವೆ ಇರಲಿಲ್ಲ. ಊಟದ ಹಾಲ್‌ನ ಉದ್ದನೆಯ ಟೇಬಲ್ಲುಗಳ ಮೇಲೆ ಬಾಳೆಎಲೆಯ ಬದಲು ಚೆಸ್ ಬೋರ್ಡುಗಳನ್ನು ಹಾಸಿದ್ದರು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ತಾಲ್ಲೂಕುಗಳಲ್ಲಿ ನಲವತ್ತು ದಾಟಿದವರಿಗಾಗಿಯೇ ನಡೆಸುವ ಪಂದ್ಯ ಅದು. ಬೆಳಿಗ್ಗೆಯಿಂದ ಆಡಿ ಸೋತವರೆಲ್ಲ ಪಲಾವ್ ತಿಂದು, ಒಬ್ಬರ ಸೋಲಿಗೆ ಇನ್ನೊಬ್ಬರು ಕಾರಣ ಹುಡುಕಿಕೊಟ್ಟು, ಈಗ ಗೋಡೆಗುಂಟ ಸಾಲಾಗಿ ನಿಂತಿದ್ದರು. ಸಂಜೆ ನಾಲ್ಕರ ಹೊತ್ತಿಗೆ ಒಂದೇ ಟೇಬಲ್ಲು ಉಳಿದಿತ್ತು. ಒಂದು ಕಡೆ ನಾನು. ಇನ್ನೊಂದು ಕಡೆ ನನ್ನ ಷಡ್ಡಕ, ಅಂದರೆ ನನ್ನ ಹೆಂಡತಿಯ ತಂಗಿಯ ಗಂಡ. ಕೊರಳಿಗೆ ಸೀಟಿ ಕಟ್ಟಿಕೊಂಡಿದ್ದ ತೀರ್ಪುಗಾರರು ನಮ್ಮ ತಲೆಯ ಮೇಲೆಯೇ ನಿಂತಿದ್ದರು. ಪಕ್ಕದಲ್ಲಿ ಅಕ್ಕತಂಗಿಯರಿಬ್ಬರು ಒಂದೇ ಬಾಟಲಿಯ ನೀರನ್ನು ಹಂಚಿಕೊಳ್ಳುತ್ತ ಕೂತಿದ್ದರು. ಎರಡು ಮಾರು ದೂರದಲ್ಲಿ, ಪ್ಲಾಸ್ಟಿಕ್ ಕುರ್ಚಿಯಲ್ಲಿ, ಟವೆಲ್ಲನ್ನು ತೊಡೆಯ ಮೇಲೆ ಮಡಚಿಟ್ಟುಕೊಂಡು ನಮ್ಮ ಮಾವ.

ಗೆದ್ದವರಿಗೆ ಕೊಡುವ ಕಪ್ಪಿನ ಮೇಲೆ ನನಗೆ ಅಂಥ ಆಸೆಯೇನೂ ಇರಲಿಲ್ಲ. ನನಗೆ ಬೇಕಾಗಿದ್ದದ್ದು ಮಾವನ ಎದುರಿನ ಕುರ್ಚಿ. ಅದನ್ನು ತಿಳಿಸಿ ಹೇಳಬೇಕೆಂದರೆ ಕೊಂಚ ಹಿಂದಕ್ಕೆ ಹೋಗಬೇಕು.

ನಮ್ಮ ಮಾವ ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದವರು. ಮಧ್ಯಾಹ್ನ ದನಕರು ಬಾರದ ಹೊತ್ತಿನಲ್ಲಿ ಅಲ್ಲಿನ ಡಾಕ್ಟರು ಔಷಧಿಯ ಪೆಟ್ಟಿಗೆಯ ಮೇಲೆ ಬೋರ್ಡು ಇಟ್ಟು ಇವರಿಗೆ ಚೆಸ್ ಕಲಿಸಿದರಂತೆ. ನಿವೃತ್ತಿಯಾಗಿ ನ್ಯಾಮತಿಯಲ್ಲಿ ನೆಲೆ ನಿಂತ ಮೇಲೆ ಮನೆಯ ಮುಂದಿನ ಪಡಸಾಲೆಯಲ್ಲಿ ಒಂದು ಸ್ಟೂಲು, ಎರಡು ಕುರ್ಚಿ ಹಾಕಿ ಆಟ ಮುಂದುವರಿಸಿದರು. ನಾನು ಹಿರೇ ಅಳಿಯ. ಮದುವೆಯಾದ ಹೊಸದರಲ್ಲಿ, ಅಳಿಯನ ಜೊತೆ ಏನು ಮಾತಾಡಬೇಕೆಂದು ತಿಳಿಯದೆ ಅವರು, ಮಾವನ ಜೊತೆ ಏನು ಮಾತಾಡಬೇಕೆಂದು ತಿಳಿಯದೆ ನಾನು, ಇಬ್ಬರೂ ಗೋಡೆ ನೋಡುತ್ತ ಕೂತಿದ್ದಾಗ ಅವರು ಕೇಳಿದರು: "ಕುದುರೆ ಹೆಂಗೆ ಹೋಗ್ತೈತೆ ಗೊತ್ತಾ ನಿಮ್ಗೆ?" ಗೊತ್ತಿರಲಿಲ್ಲ. ಅವತ್ತು ಶುರುವಾದದ್ದು. ಆರು ವರ್ಷ, ತಿಂಗಳಿಗೊಂದು ಭಾನುವಾರ, ಜಗಳೂರಿನಿಂದ ಎರಡು ಬಸ್ಸು ಬದಲಿಸಿ ಹೋಗಿ ಆ ಕುರ್ಚಿಯಲ್ಲಿ ಕೂತಿದ್ದೇನೆ. ಹೆಂಡತಿ ತವರಿಗೆ ಹೋಗೋಣ ಎನ್ನುವ ಮೊದಲೇ ನಾನು ಚಪ್ಪಲಿ ಹಾಕಿಕೊಂಡಿರುತ್ತಿದ್ದೆ.

ಅಪ್ಪ ಇಲ್ಲದೆ ಬೆಳೆದವನು ನಾನು. ಸೊಕ್ಕೆ ಊರಿನ ನಮ್ಮಜ್ಜಿ ನನಗೆ ಮಾತು ಕಲಿಸಿದಳು, ಅನ್ನ ಹಾಕಿದಳು. ಎದುರಿಗೆ ಕೂತು ಆಟ ಆಡುವ ಹಿರಿಯ ಗಂಡಸು ಮಾತ್ರ ನನ್ನ ಪಾಲಿಗೆ ಬಂದಿರಲಿಲ್ಲ. ಬಂದಾಗ ಅದು ನನ್ನದೇ ಎಂದುಕೊಂಡೆ. ಹಾಗೆ ಅಂದುಕೊಂಡದ್ದು ತಪ್ಪಲ್ಲ ಅಂತ ಈಗಲೂ ಅಂತೀನಿ.

ಆರು ವರ್ಷಕ್ಕೆ ಕಿರೇ ಅಳಿಯ ಬಂದರು. ಚನ್ನಗಿರಿಯವರು, ನಲ್ಲೂರು ಕಡೆಯ ಹಳ್ಳಿಗಳಲ್ಲೆಲ್ಲ ಓಡಾಡಿ ಅಡಿಕೆ ಖರೀದಿ ಮಾಡುವವರು. ಮುಷ್ಟಿಯಲ್ಲಿ ಅಡಿಕೆ ಹಿಡಿದು ಸದ್ದಿಲ್ಲದೆ ಒಂದು ಸಲ ಅಲುಗಿಸಿದರೆ ಒಣಗಿದೆಯೋ ಇಲ್ಲವೋ ಹೇಳಬಲ್ಲ ಮನುಷ್ಯ. ಮಾತು ಕಡಿಮೆ, ಆಡಿದ್ದೂ ಮೆತ್ತಗೆ. ಮೊದಲ ಭಾನುವಾರ ನನ್ನ ಹಿಂದೆ ನಿಂತು ಆಟ ನೋಡಿದರು. ಎರಡನೆಯ ಭಾನುವಾರ ಮಾವ ಅವರಿಗೂ ಒಂದು ಆಟ ಆಡಿಸಿದರು. ಮೂರನೆಯ ಸಲ ನಾನು ಹೋದಾಗ ಆ ಕುರ್ಚಿಯಲ್ಲಿ ಅವರು ಕೂತಿದ್ದರು, ಮಾವ ಅವರಿಗೆ ಅಗಳಿ ಹಾಕುವುದನ್ನು ಕಲಿಸುತ್ತಿದ್ದರು.

ಅಗಳಿ ಎಂದರೆ ಮಾವನ ಭಾಷೆಯಲ್ಲಿ ಒಂದು ಆಟದ ಆರಂಭ. ಬಿಳಿಯವನು ರಾಜನ ಮುಂದಿನ ಸಿಪಾಯಿಯನ್ನು ಎರಡು ಮನೆ ನೂಕಿ ಜೋರು ಮಾಡಿಕೊಂಡು ಬಂದರೆ, ಕಪ್ಪಿನವನು ತನ್ನ ಸಿಪಾಯಿಯನ್ನು ಒಂದೇ ಮನೆ ಸರಿಸುತ್ತಾನೆ. ಆಮೇಲೆ ಅದರ ಪಕ್ಕದ ಸಿಪಾಯಿಯನ್ನು ಎರಡು ಮನೆ ತಂದು ಅಡ್ಡ ನಿಲ್ಲಿಸುತ್ತಾನೆ. ಬಾಗಿಲು ಮುಚ್ಚಿ ಅಗಳಿ ಹಾಕಿದ ಹಾಗೆ. ಹೊರಗಿನವನು ಗುದ್ದಿ ಗುದ್ದಿ ಸುಸ್ತಾಗಬೇಕು, ಒಳಗಿನವನು ಕಾಯಬೇಕು. ಕಷ್ಟವೂ ಇದೆ: ಒಂದು ಒಂಟೆ ಒಳಮನೆಯಲ್ಲೇ ಸಿಕ್ಕಿಬಿದ್ದು ಎಷ್ಟೋ ಹೊತ್ತು ಹೊರಗೆ ಬರುವುದಿಲ್ಲ. ಷಡ್ಡಕ ಒಂದು ದಿನ ಮೊಬೈಲಿನಲ್ಲಿ ಹುಡುಕಿ, ಇದಕ್ಕೆ ಫ್ರೆಂಚ್ ಡಿಫೆನ್ಸ್ ಅಂತಾರೆ, ಬಹಳ ಹಳೆಯದು, ದೊಡ್ಡ ದೊಡ್ಡವರು ಆಡಿದ್ದಾರೆ ಎಂದು ತೋರಿಸಿದರು. ಮಾವ ಕನ್ನಡಕ ಏರಿಸಿ ನೋಡಿ, "ಯಾವ ದೇಶದ್ದಾದ್ರೂ ಆಗ್ಲಿ, ಅಗಳಿ ಅಗಳೀನೇ" ಎಂದರು.

ನನಗೂ ಕಲಿಸಿ ಎಂದು ಎರಡು ಸಲ ಕೇಳಿದ್ದೆ. ಮೊದಲನೆಯ ಸಲ ನಕ್ಕರು. ಎರಡನೆಯ ಸಲ, "ನಿಮ್ದು ನುಗ್ಗೋ ಕೈ ಕಣ್ರಿ. ಅಗಳಿ ಹಾಕಾಕೆ ಅವರಂಗೆ ತಣ್ಣನೆ ಕೈ ಬೇಕು" ಎಂದರು. ಬೈಗುಳವಲ್ಲ ಅದು. ಆದರೆ ಹದಿನೈದು ವರ್ಷದಿಂದ ಆ ತಣ್ಣನೆ ಕೈ ನನ್ನ ಹೊಟ್ಟೆಯೊಳಗೆ ಬಿಸಿ ಬಿಸಿಯಾಗಿಯೇ ಉಳಿದಿದೆ.

ನನ್ನ ಕಸುಬು ಮೋಟರ್ ರೀವೈಂಡಿಂಗ್. ಜಗಳೂರಿನ ಬಸ್ ಸ್ಟ್ಯಾಂಡ್ ಹತ್ತಿರ ಅಂಗಡಿ. ಬೋರ್‌ವೆಲ್ಲಿನ ಮೋಟರುಗಳು ಸುಟ್ಟು ಬರುತ್ತವೆ. ಬಿಚ್ಚಿ, ಕರಕಾದ ತಾಮ್ರದ ತಂತಿ ತೆಗೆದು, ಹೊಸದು ಸುತ್ತಿ ಕೊಡುತ್ತೇನೆ. ಸುಟ್ಟ ಮೋಟರು ಹೊರಗಿನಿಂದ ಹೊಸದರ ಹಾಗೇ ಇರುತ್ತದೆ. ಬಣ್ಣ ಹೋಗಿರುವುದಿಲ್ಲ, ನಟ್ಟು ಸಡಿಲವಾಗಿರುವುದಿಲ್ಲ. ಮೂಗು ಹತ್ತಿರ ತಂದರೆ ಮಾತ್ರ ಗೊತ್ತಾಗುತ್ತದೆ. ಷಡ್ಡಕ ಮಾವನಿಗೆ ಟೀ ತುಂಬಿಡುವ ಫ್ಲಾಸ್ಕ್ ತಂದುಕೊಟ್ಟಾಗ, ಕಣ್ಣಿನ ಪೊರೆಯ ಆಪರೇಷನ್ನಿಗೆ ತಮ್ಮ ಕಾರಿನಲ್ಲಿ ಕರೆದುಕೊಂಡು ಹೋದಾಗ, ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಮಾವನ ಜೊತೆ ಆಡುತ್ತಿರುವ ಫೋಟೋ ಹಾಕಿದಾಗ ನಾನು ಕೈ ಮುಗಿಯುವ ಚಿತ್ರ ಕಳಿಸುತ್ತಿದ್ದೆ. ನನ್ನ ಹೆಂಡತಿ ಅಡುಗೆಮನೆಯಿಂದಲೇ, "ಏನ್ರೀ, ಕಾಯಿಲ್ ಸುಟ್ಟ ವಾಸ್ನೆ ಬರ್ತೈತೆ. ಅಂಗಡೀದಾ, ಮನೇದಾ?" ಎನ್ನುತ್ತಿದ್ದಳು.

ಮಾವನಿಗೆ ವಯಸ್ಸಾಯಿತು. ಈಗ ತಲೆ ಒಂದೇ ಆಟ ತಡೆಯುತ್ತದೆ ಎಂದು ದಿನಕ್ಕೊಂದೇ ಆಟಕ್ಕೆ ನಿಲ್ಲಿಸಿದರು. ಹಬ್ಬಕ್ಕೆ ಇಬ್ಬರೂ ಅಳಿಯಂದಿರು ಹೋದರೆ ಆ ಒಂದು ಆಟ ಕಿರಿಯರದು. ನಾನು ಪಕ್ಕದ ಬೆಂಚಿನ ಮೇಲೆ ಕೂತು ಶೇಂಗಾ ಸುಲಿಯುವುದು. ಮಾವ ಬೇಕೆಂದು ಮಾಡುತ್ತಿರಲಿಲ್ಲ. ಕೈ ತಾನಾಗಿ ಆ ಕಡೆ ಹೋಗುತ್ತಿತ್ತು. ಹೊನ್ನಾಳಿ ಪಂದ್ಯದ ಹಿಂದಿನ ವಾರ ನನ್ನ ಹೆಂಡತಿಯೇ ಅಪ್ಪನನ್ನು ಕೇಳಿದಳು, ದೊಡ್ಡೋರ ಜೊತೆ, ಅಂದರೆ ನನ್ನ ಜೊತೆ, ಆಡಾದು ಬಿಟ್ಟೇಬಿಟ್ರಾ ಅಂತ. ಮಾವ ಕೊಂಚ ಹೊತ್ತು ಯೋಚಿಸಿ, "ಆತಪ್ಪ. ಹೊನ್ನಾಳ್ಯಾಗೆ ಇಬ್ರಲ್ಲಿ ಯಾರು ಮುಂದೆ ಹೋಗ್ತಾರೋ, ಅವತ್ತು ಸಂಜೆ ಅವರ ಜೊತೆ ಒಂದಾಟ" ಎಂದರು. ಇಬ್ಬರೂ ಕೊನೆಯ ಟೇಬಲ್ಲಿಗೇ ಬಂದು ಕೂರುತ್ತೇವೆಂದು ಯಾರಿಗೂ ಅನ್ನಿಸಿರಲಿಲ್ಲ.

ಇನ್ನೊಂದು ಸಂಗತಿ ಹೇಳಲೇಬೇಕು. ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ನಮ್ಮ ಮಾವನ ಮನೆಯಲ್ಲಿ ಒಂದು ಪದ್ಧತಿ. ರಾಜನಿಗೆ ಚೆಕ್ ಕೊಟ್ಟಾಗ ಹೇಳುವುದು ಎಲ್ಲ ಕಡೆಯೂ ಇದೆ. ಅಲ್ಲಿ, ಎದುರಿನವನ ಮಂತ್ರಿಗೆ ಕಂಟಕ ಬಂದರೂ ಹೇಳಬೇಕು. ಹೊಸಬರು ಮಂತ್ರಿಯನ್ನು ರಾಣಿ ಎನ್ನುತ್ತಾರೆ. ನಮಗೆ ಅದು ಮಂತ್ರಿಯೇ. ಯಾವ ಕಾಯಿ ನಡೆಸಿದರೂ, ಅದರಿಂದ ಎದುರಿನ ಮಂತ್ರಿ ಹೊಡೆತಕ್ಕೆ ಸಿಕ್ಕಿದರೆ ಮೆಲ್ಲಗೆ "ಮಂತ್ರಿ" ಅನ್ನಬೇಕು. ಅಂದ ಮೇಲೆ ಅವನು ಉಳಿಸಿಕೊಂಡರೆ ಉಳಿಸಿಕೊಂಡ. ನಾನು ಹೊಸದರಲ್ಲಿ ಒಮ್ಮೆ ಹೇಳದೆ ಮಾವನ ಮಂತ್ರಿಯನ್ನು ಹೊಡೆದು ಹಿಗ್ಗಿದ್ದೆ. ಅವರು ಆ ಕಾಯಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಮತ್ತೆ ಅದರ ಜಾಗದಲ್ಲಿಟ್ಟರು. "ಹಿಂಗೆ ಗೆದ್ರೆ ನನ್ನನ್ನ ಗೆದ್ದಂಗಾಗಲ್ಲ, ನನ್ನ ಮರೆವನ್ನ ಗೆದ್ದಂಗಾಗ್ತೈತೆ" ಎಂದಿದ್ದರು. ಅಂದಿನಿಂದ ಆ ಪಡಸಾಲೆಯಲ್ಲಿ ಆಡಿದವರು ಯಾರೂ ಅದನ್ನು ಮುರಿದಿಲ್ಲ. ಅದರಿಂದ ಒಂದು ಅಭ್ಯಾಸವೂ ಬೆಳೆಯಿತು: ನಮ್ಮಲ್ಲಿ ಯಾರೂ ತಮ್ಮ ಮಂತ್ರಿಯನ್ನು ತಾವು ಕಾಯುವುದಿಲ್ಲ. ಎದುರಿನವನ ಬಾಯಿ ಕಾಯುತ್ತದೆ.

ಪಂದ್ಯದಲ್ಲಿ ಈ ಪದ್ಧತಿ ನಡೆಯುವುದಿಲ್ಲ. ಬೆಳಿಗ್ಗೆಯೇ ತೀರ್ಪುಗಾರರು ಮೈಕಿನಲ್ಲಿ ಹೇಳಿದ್ದರು, ಆಟದ ನಡುವೆ ಎದುರಾಳಿಯ ಜೊತೆ ಮಾತಾಡುವಂತಿಲ್ಲ ಅಂತ.

ಬಿಳಿ ಕಾಯಿ ನನಗೆ ಬಂತು. ಒಬ್ಬೊಬ್ಬರಿಗೆ ಅರ್ಧ ಗಂಟೆ. ನಾನು ಸಿಪಾಯಿಯನ್ನು ಎರಡು ಮನೆ ನೂಕಿ ಗಡಿಯಾರ ಒತ್ತಿದೆ. ಷಡ್ಡಕ ಅಂಗಿಯ ತೋಳು ಒಂದು ಮಡಿಕೆ ಮೇಲಕ್ಕೆ ಸರಿಸಿ, ತಮ್ಮ ಸಿಪಾಯಿಯನ್ನು ಒಂದೇ ಒಂದು ಮನೆ ಮುಂದಿಟ್ಟರು. ಮಾವ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ್ದು ನನ್ನ ಓರೆಗಣ್ಣಿಗೆ ಕಂಡಿತು. ನನ್ನ ನಡೆಗೆ ಅವರು ಬಾಗಿರಲಿಲ್ಲ.

ನಾಲ್ಕು ನಡೆಯೊಳಗೆ ಅಗಳಿ ಬಿತ್ತು. ನಾನು ನುಗ್ಗಿದೆ, ಅವರು ತಡೆದರು. ನಾನು ಕುದುರೆ ಕುಣಿಸಿದೆ, ಅವರು ಒಂದು ಸಿಪಾಯಿ ಸರಿಸಿ ಅದನ್ನು ಕಟ್ಟಿಹಾಕಿದರು. ಅವರ ಪ್ರತಿಯೊಂದು ನಡೆಯಲ್ಲೂ ನನಗೆ ಮಾವನ ಕೈ ಕಾಣುತ್ತಿತ್ತು. ಕಾಯಿ ಇಟ್ಟ ಮೇಲೆ ಬೆರಳನ್ನು ಅದರ ತಲೆಯ ಮೇಲೆ ಒಂದು ಕ್ಷಣ ಬಿಡುವುದು, ಗಡಿಯಾರವನ್ನು ಅಂಗೈಯಿಂದ ಒತ್ತದೆ ಬೆರಳ ತುದಿಯಿಂದ ಒತ್ತುವುದು. ಆರು ವರ್ಷ ಆ ಕೈಯ ಎದುರಿಗೆ ಕೂತು ನಾನು ಕಲಿಯದೆ ಹೋದದ್ದನ್ನು ಇವರು ಕುಡಿದುಬಿಟ್ಟಿದ್ದರು. ಆಟ ಆಡುತ್ತಿದ್ದೆನೋ, ಉರಿಯುತ್ತಿದ್ದೆನೋ, ಎರಡೂ ಒಂದೇ ಆಗಿತ್ತು.

ಅರ್ಧ ಆಟದಲ್ಲಿ ಒಂದು ಘಟನೆ. ನನ್ನ ಗಮನವೆಲ್ಲ ಅವರ ರಾಜನ ಮೂಲೆಯ ಮೇಲಿತ್ತು. ಅವರು ಈ ಕಡೆಯ ಕುದುರೆಯನ್ನು ಎತ್ತಿಟ್ಟು ಗಡಿಯಾರ ಒತ್ತಿದರು. ನಾನು ಆ ಮೂಲೆಯ ಮೇಲೇ ಕಣ್ಣಿಟ್ಟು ಆನೆಗೆ ಕೈ ಚಾಚಿದೆ. ಆಗ ಟೇಬಲ್ಲಿನ ಅಂಚಿನಲ್ಲಿ ಟಕ್ ಟಕ್ ಎಂದು ಸಣ್ಣ ಸದ್ದಾಯಿತು. ಅವರ ತೋರುಬೆರಳು. ತಲೆ ಎತ್ತಿದೆ. ಅವರು ಬೋರ್ಡನ್ನೇ ನೋಡುತ್ತಿದ್ದರು. ನಾನೂ ನೋಡಿದೆ: ಅವರ ಕುದುರೆ ನನ್ನ ಮಂತ್ರಿಯನ್ನು ಹೊಡೆಯುವ ಮನೆಗೆ ಬಂದು ನಿಂತಿತ್ತು.

ಮಾತಾಡುವಂತಿಲ್ಲವಲ್ಲ. ಬಾಯಲ್ಲಿ ಹೇಳಲಾಗದ್ದನ್ನು ಬೆರಳಲ್ಲಿ ಹೇಳಿದ್ದರು. ತೀರ್ಪುಗಾರರಿಗೆ ಅದು ಯಾರೋ ಯೋಚನೆಯಲ್ಲಿ ಬೆರಳು ತಟ್ಟಿದ ಹಾಗೆ ಕಂಡಿರಬೇಕು. ನಾನು ಮಂತ್ರಿಯನ್ನು ಸರಿಸಿದೆ. ಕೃತಜ್ಞತೆ ಹುಟ್ಟಬೇಕಿತ್ತು. ಹುಟ್ಟಿದ್ದು ಬೇರೆ. ಇಲ್ಲೂ ಮಾವನ ಮಾತು ಉಳಿಸಿಕೊಂಡು ಒಳ್ಳೆಯವನಾಗುತ್ತಾನಲ್ಲ, ಅದೂ ಮಾವನ ಕಣ್ಣೆದುರಿಗೆ, ಅನ್ನಿಸಿತು.

ಅಲ್ಲಿಂದ ಇಪ್ಪತ್ತು ನಿಮಿಷಕ್ಕೆ ಇಬ್ಬರ ಗಡಿಯಾರದಲ್ಲೂ ಮೂರು ಮೂರು ನಿಮಿಷ ಉಳಿದಿತ್ತು. ಅಗಳಿ ಇನ್ನೂ ಗಟ್ಟಿಯಾಗಿತ್ತು. ನನ್ನದು ಒಂದು ಸಿಪಾಯಿ ಕಮ್ಮಿ. ಹೀಗೇ ಹೋದರೆ ಸೋಲು ನನ್ನದೇ ಎಂದು ಗೋಡೆಗುಂಟ ನಿಂತವರಿಗೂ ಗೊತ್ತಾಗಿತ್ತು. ಬೋರ್ಡಿನಲ್ಲಿ ಒಂದು ಉದ್ದ ಸಾಲು ಖಾಲಿಯಾಗಿತ್ತು. ಅದರ ಈ ತುದಿಯಲ್ಲಿ ನನ್ನ ಆನೆ, ಅದರ ಮುಂದೆ ನನ್ನ ಕುದುರೆ, ಆ ಕಡೆ ಅವರ ಮಂತ್ರಿ, ಬೆನ್ನಿಗೆ ಯಾರೂ ಇಲ್ಲದೆ. ಕುದುರೆ ಎದ್ದರೆ ಆನೆಗೆ ದಾರಿ ಬಿಡುವು. ಕುದುರೆ ಎಲ್ಲಿಗೆ ಹೋದರೂ ಮಂತ್ರಿ ಹೊಡೆತಕ್ಕೆ ಸಿಕ್ಕುತ್ತದೆ. ಆದರೆ ಅವರು ನೋಡಿಬಿಟ್ಟರೆ ಒಂದು ಮನೆ ಸರಿಸುತ್ತಾರೆ, ಮುಗಿಯಿತು.

ನಾನು ಕುದುರೆಯನ್ನು ತೆಗೆದು ಅವರ ಸಿಪಾಯಿಯ ಬಾಯಿಗೇ ಇಟ್ಟೆ. ಬಿಟ್ಟಿ ಕುದುರೆ. ಗಡಿಯಾರ ಒತ್ತಿದೆ.

ಒತ್ತಿದ ಮೇಲೆ ನನ್ನ ತೋರುಬೆರಳು ಟೇಬಲ್ಲಿನ ಅಂಚಿನ ಮೇಲಿತ್ತು. ತಟ್ಟಬೇಕಿತ್ತು. ಅದು ಅಲ್ಲೇ ಇತ್ತು, ಎತ್ತಿ ಬಿಟ್ಟಿದ್ದರೆ ಸಾಕಾಗಿತ್ತು. ಷಡ್ಡಕ ಕುದುರೆಯನ್ನು ನೋಡಿದರು. ಇಷ್ಟು ಸುಲಭಕ್ಕೆ ಯಾಕೆ ಕೊಟ್ಟರು ಎಂಬ ಅನುಮಾನ ಅವರಿಗೆ ಬಾರದೆ ಇರುತ್ತದೆಯೇ? ಅವರು ತಲೆ ಎತ್ತಿ ನನ್ನ ಮುಖ ನೋಡಿದರು. ಬೋರ್ಡನ್ನಲ್ಲ, ಮುಖವನ್ನು. ನಾನು ಗಡಿಯಾರದ ಕಡೆ ನೋಡುವವನ ಹಾಗೆ ಕಣ್ಣು ಸರಿಸಿದೆ. ನನ್ನಿಂದ ಯಾವ ಸದ್ದೂ ಬರಲಿಲ್ಲ. ಸದ್ದು ಬಾರದಿದ್ದರೆ ಮಂತ್ರಿ ಕ್ಷೇಮ. ಅವರು ಸಿಪಾಯಿಯಿಂದ ಕುದುರೆಯನ್ನು ಹೊಡೆದರು.

ನಾನು ಆನೆಯನ್ನು ಆ ಸಾಲಿನುದ್ದಕ್ಕೂ ಓಡಿಸಿ ಅವರ ಮಂತ್ರಿಯನ್ನು ಎತ್ತಿಕೊಂಡೆ.

ಗೋಡೆ ಹತ್ತಿರದಿಂದ ಉದ್ಗಾರ ಬಂತು, ಯಾರೋ ಚಪ್ಪಾಳೆ ಶುರುಮಾಡಿ ತೀರ್ಪುಗಾರರ ಕಣ್ಣು ಕಂಡು ನಿಲ್ಲಿಸಿದರು. ಷಡ್ಡಕ ಆ ಖಾಲಿ ಮನೆಯನ್ನು ಒಂದಷ್ಟು ಹೊತ್ತು ನೋಡಿದರು. ಆಮೇಲೆ ತಮ್ಮ ರಾಜನನ್ನು ಮಲಗಿಸಿ ಕೈ ಕೊಟ್ಟರು.

"ಆನೆ ಹಿಂದ್ಲಿಂದ ಇತ್ತು. ನಾನೇ ನೋಡ್ಲಿಲ್ಲ ಬಿಡಣ್ಣ" ಎಂದರು.

ಅವರ ದನಿಯಲ್ಲಿ ಒಂದು ಚೂರು ಕಹಿ ಇದ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಕಪ್ಪು ಕೊಟ್ಟರು, ಶಾಲು ಹೊದಿಸಿದರು, ಫೋಟೋ ತೆಗೆದರು. ಜಗಳೂರಿನಿಂದ ಬಂದಿದ್ದವರು ನನ್ನ ಭುಜ ಗುದ್ದಿ, ಅಡಿಕೆಯವರ ಅಗಳಿ ಮುರಿದೆಯಲ್ಲ ಮಾರಾಯ ಎಂದು ಸಂಭ್ರಮಪಟ್ಟರು. ನಾನು ಕಪ್ಪನ್ನು ಹಿಡಿದುಕೊಂಡು ಮಾವನ ಹತ್ತಿರ ಹೋದೆ. ಅವರು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದರು.

"ಆನೆ ಚೆನ್ನಾಗಿ ಇಟ್ಟಿದ್ರಿ" ಎಂದರು. ಕುದುರೆಯ ಬಗ್ಗೆ ಏನೂ ಹೇಳಲಿಲ್ಲ.

ಷಡ್ಡಕರ ಕಾರಿನಲ್ಲೇ ಎಲ್ಲರೂ ನ್ಯಾಮತಿಗೆ ಹೊರಟೆವು. ಗೆದ್ದವರು ಮುಂದೆ ಕೂರಲಿ ಎಂದು ಅವರೇ ನನ್ನನ್ನು ಮುಂದಿನ ಸೀಟಿಗೆ ಕರೆದರು. ತೊಡೆಯ ಮೇಲೆ ಕಪ್ಪು. ನಾದಿನಿ ಹಿಂದಿನಿಂದ, "ಭಾವ, ಅದ್ರಾಗೆ ಎಷ್ಟು ಲೋಟ ಪಾಯ್ಸ ಹಿಡಿತೈತೆ?" ಎಂದು ತಮಾಷೆ ಮಾಡಿದಳು. ಎಲ್ಲರೂ ನಕ್ಕರು. ನನ್ನ ಹೆಂಡತಿ ಮಾತ್ರ ಕಿಟಕಿಯ ಹೊರಗೆ ನೋಡುತ್ತಿದ್ದಳು.

ಇನ್ನೂ ಬೆಳಕಿರುವಾಗಲೇ ಮಾವ ಪಡಸಾಲೆಯಲ್ಲಿ ಸ್ಟೂಲು ಎಳೆದು ಬೋರ್ಡು ಹಾಸಿದರು. ಕೊಟ್ಟ ಮಾತು ಮರೆತಿರಲಿಲ್ಲ. ಎದುರಿನ ಕುರ್ಚಿಯನ್ನು ಟವೆಲ್ಲಿನಿಂದ ಒರೆಸಿ, "ಬರ್ರಿ ದೊಡ್ಡೋರೆ" ಎಂದರು. ಎಷ್ಟೋ ವರ್ಷದ ಮೇಲೆ ನಾನು ಆ ಕುರ್ಚಿಯಲ್ಲಿ ಕೂತೆ. ಬೆಂಚಿನ ಮೇಲೆ ಷಡ್ಡಕ, ಮುಂದೆ ಶೇಂಗಾ ಮೊರ. ಹೀಗೊಂದು ಸಂಜೆ ಬರಲಿ ಎಂದು ನಾನು ಬಸ್ಸಿನಲ್ಲಿ ಕೂತಾಗೆಲ್ಲ ಅಂದುಕೊಳ್ಳುತ್ತಿದ್ದೆ, ಥೇಟ್ ಹೀಗೇ.

ಮಾವ ಕಪ್ಪು ಕಾಯಿ ತೆಗೆದುಕೊಂಡು ಅಗಳಿ ಹಾಕಿದರು. ಹತ್ತು ಹನ್ನೆರಡು ನಡೆ ಆಗಿರಬೇಕು. ಅವರು ಒಂದು ಒಂಟೆಯನ್ನು ಮೂಲೆಗೆ ಸರಿಸಿದರು. ನಾನು ಬೇರೆ ಏನೋ ಲೆಕ್ಕ ಹಾಕುತ್ತ ಸಿಪಾಯಿಗೆ ಕೈ ಹಾಕಿದೆ.

"ಮಂತ್ರಿ" ಎಂದರು ಮಾವ.

ಎಂದಿನ ದನಿ. ಗದರಿಕೆಯಿಲ್ಲ, ಕೊಂಕಿಲ್ಲ. ನಾನು ನೋಡಿರಲಿಲ್ಲ. ಬೋರ್ಡು ನನ್ನ ಮೂಗಿನ ಕೆಳಗೇ ಇತ್ತು, ಆ ಒಂಟೆ ನೆಟ್ಟಗೆ ನನ್ನ ಮಂತ್ರಿಯನ್ನು ದಿಟ್ಟಿಸುತ್ತಿತ್ತು, ನಾನು ನೋಡಿರಲಿಲ್ಲ. ಬೆಂಚಿನ ಮೇಲೆ ಶೇಂಗಾ ಸಿಪ್ಪೆ ಚಟ್ ಎಂದಿತು. ನಾನು ಮಂತ್ರಿಯನ್ನು ಸರಿಸಿದೆ. ಆ ಆಟದಲ್ಲಿ ಮಾವ ಇನ್ನೂ ಎರಡು ಸಲ ಮಂತ್ರಿ ಎಂದರು. ಎರಡು ಸಲವೂ ನನಗೆ ಕಂಡಿರಲಿಲ್ಲ. ಕೊನೆಗೆ ಸೋತೆ. "ಒಂದಾಟ. ಸಾಕು" ಎಂದು ಕಾಯಿಗಳನ್ನು ಚೀಲಕ್ಕೆ ತುಂಬಿದರು.

ಮರುದಿನ ಬೆಳಿಗ್ಗೆ ದಾವಣಗೆರೆಯಿಂದ ಜಗಳೂರಿನ ಬಸ್ಸಿನಲ್ಲಿ, ಕಪ್ಪನ್ನು ಕಾಲ ಸಂದಿಯಲ್ಲಿ ಹಿಡಿದುಕೊಂಡು ಕೂತಿದ್ದೆ. ಅರ್ಧ ದಾರಿಯಲ್ಲಿ ಹೆಂಡತಿ ನನ್ನ ಕಡೆ ತಿರುಗಿದಳು.

"ಅವ್ರು ನಿಮ್ ಮುಖ ನೋಡಿದ್ರು" ಎಂದಳು. "ನಾನೂ ನೋಡ್ದೆ."

ರೂಲ್ಸಿನಲ್ಲಿ ಮಾತಾಡುವಂತಿರಲಿಲ್ಲ ಎಂದೆ. ಅವಳು ಹೌದು ಎಂದು ತಲೆ ಅಲ್ಲಾಡಿಸಿ ಕಂಡಕ್ಟರಿಗೆ ಚಿಲ್ಲರೆ ಹುಡುಕತೊಡಗಿದಳು. ಕಪ್ಪನ್ನು ಅಂಗಡಿಯ ಶೆಲ್ಫಿನಲ್ಲಿಟ್ಟೆ. ಬಂದ ಗಿರಾಕಿಗಳು ಕೇಳುವರು, ಕಥೆ ಹೇಳು ಎನ್ನುವರು. ಕಥೆ ಹೇಳುವುದರಲ್ಲಿ ನಾನು ಹಿಂದೆ ಬಿದ್ದವನಲ್ಲ. ಅಜ್ಜಿ ಅದೊಂದನ್ನು ಚೆನ್ನಾಗಿ ಕಲಿಸಿದ್ದಾಳೆ. ಆದರೆ ಬೆರಳಿನ ಟಕ್ ಟಕ್ ಬರುವ ಜಾಗಕ್ಕೆ ಬಂದಾಗ ಅದನ್ನು ಬಿಟ್ಟು ಮುಂದಕ್ಕೆ ಹೋಗುತ್ತಿದ್ದೆ. ಒಂದು ತಿಂಗಳಾದ ಮೇಲೆ ಕಪ್ಪಿನ ಮುಂದೆ ಇನ್ಸುಲೇಷನ್ ಪೇಪರಿನ ಸುರುಳಿಗಳನ್ನು ಜೋಡಿಸಿದೆ.

ಹೊಟ್ಟೆಕಿಚ್ಚು ಇಳಿಯಿತೇ ಎಂದರೆ, ಇಳಿಯಲಿಲ್ಲ. ಅದಕ್ಕೆ ಹೊಸ ತಾಮ್ರ ಸುತ್ತಿದ ಹಾಗಾಯಿತು. ಮೊದಲು ಅವರ ಆಟದ ಮೇಲೆ ಇತ್ತು. ಈಗ ಆ ಬೆರಳಿನ ಮೇಲೂ ಬಂತು. ಅದೆಷ್ಟು ಸಲೀಸಾಗಿ ತಟ್ಟಿದ್ದರು, ಒಂದು ಕ್ಷಣವೂ ಯೋಚಿಸದೆ. ಇನ್ನೊಂದನ್ನೂ ಗಮನಿಸಿದೆ. ದೀಪಾವಳಿಗೆ ಹೋದಾಗ ಮಾವನೂ ಅವರೂ ಆಡುತ್ತಿದ್ದರು. ಮಾವ ಒಂದೊಂದು ಕಾಯಿ ಇಟ್ಟಾಗಲೂ ಷಡ್ಡಕರ ಕಣ್ಣು ಮೊದಲು ತಮ್ಮ ಮಂತ್ರಿಯ ಸುತ್ತ ಒಂದು ಸುತ್ತು ಹೋಗಿ ಬರುತ್ತಿತ್ತು. ಮಾವನ ಎದುರಿಗೂ. ಮೊದಲು ಹಾಗೆ ಮಾಡುತ್ತಿರಲಿಲ್ಲ. ಮಾವನಿಗೂ ಅದು ತಿಳಿದಿತ್ತು ಅಂತ ಕಾಣುತ್ತದೆ. ಒಮ್ಮೆ ಕಾಯಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ, ಅವರು ನೋಡಿ ಮುಗಿಸುವವರೆಗೆ ಕಾದರು. ನಾನು ಶೇಂಗಾ ಸುಲಿಯುವುದನ್ನು ಬಿಟ್ಟು ಎದ್ದು ಒಳಗೆ ಹೋದೆ.

ಮುಂದಿನ ವರ್ಷದ ಪಂದ್ಯ ನಮ್ಮ ಜಗಳೂರಿನಲ್ಲಿ ನಡೆಯಿತು. ಶಾಲೆಯೊಂದರ ಹಾಲ್. ಬೆಂಚು ಜೋಡಿಸಿದವರಲ್ಲಿ, ನೀರಿನ ಕ್ಯಾನು ತರಿಸಿದವರಲ್ಲಿ ನಾನೂ ಒಬ್ಬ. ನನ್ನ ಅಂಗಡಿಯ ಗಿರಾಕಿಗಳು, ಮೆಕ್ಕೆಜೋಳದ ಕೆಲಸ ಮುಗಿಸಿ ಬಿಡುವಾಗಿದ್ದವರು, ನಮ್ಮೂರಿನವನ ಆಟ ನೋಡಬೇಕೆಂದು ಬಂದು ಬಾಗಿಲಲ್ಲಿ ನಿಂತಿದ್ದರು. ಮಾವನನ್ನು ಷಡ್ಡಕರೇ ಕಾರಿನಲ್ಲಿ ಕರೆತಂದರು. ಅಪ್ಪ ಈ ಸಲವೂ ಅದೇ ಮಾತು ಹೇಳಿದ್ದಾರೆ, ಗೆದ್ದವರ ಜೊತೆ ಸಂಜೆ ಒಂದಾಟ ಅಂತೆ, ಎಂದು ಹೆಂಡತಿ ಬೆಳಿಗ್ಗೆಯೇ ತಿಳಿಸಿದಳು. ಆಟ ನಮ್ಮ ಮನೆಯಲ್ಲೇ, ನನ್ನ ಜಗಲಿಯ ಮೇಲೆ.

ಮೂರನೆಯ ಸುತ್ತಿನಲ್ಲಿ ನಮ್ಮಿಬ್ಬರ ಹೆಸರು ಒಟ್ಟಿಗೆ ಬಂತು. ಬಿಳಿ ನನಗೆ, ಅಗಳಿ ಅವರಿಗೆ. ಸೋತವರು ಮನೆಗೆ. ಈ ಸಲ ನಾನು ನುಗ್ಗಲಿಲ್ಲ, ನಿಧಾನವಾಗಿ ಆಡಿದೆ. ಅವರೂ ಚೆನ್ನಾಗಿಯೇ ಆಡಿದರು, ಆದರೆ ಪ್ರತಿ ನಡೆಗೂ ಮಂತ್ರಿಯ ಸುತ್ತ ಕಣ್ಣು ಆಡಿಸುತ್ತ ಹೊತ್ತು ಕಳೆದುಕೊಂಡರು. ಅವರ ಗಡಿಯಾರದಲ್ಲಿ ಒಂದು ನಿಮಿಷವೂ ಉಳಿಯದಿದ್ದಾಗ ನನ್ನದರಲ್ಲಿ ಐದು ನಿಮಿಷವಿತ್ತು. ಆಮೇಲಿನ ನಡೆಗಳಿಗೆ ಅವರು ನೋಡುವುದನ್ನು ಬಿಟ್ಟು ಬೇಗ ಬೇಗ ಕಾಯಿ ಇಡತೊಡಗಿದರು. ನಾನು ಒಂಟೆಯನ್ನು ಎರಡು ಮನೆ ಹಿಂದಕ್ಕೆ ತೆಗೆದೆ. ಹಿಂದೆ ಸರಿದ ಒಂಟೆಯನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ಅದು ಅಲ್ಲಿಂದ ಅವರ ಮಂತ್ರಿಯನ್ನು ನೋಡುತ್ತಿತ್ತು. ಅವರ ಕೈ ಆಗಲೇ ಇನ್ನೊಂದು ಕಾಯಿಯ ಕಡೆಗೆ ಹೊರಟಿತ್ತು.

ಬೆರಳು ತಟ್ಟಬಹುದಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಬಾಯಿಯಿಂದಲೇ ಬಂತು.

"ಮಂತ್ರಿ" ಎಂದೆ.

ಹಾಲ್ ನಿಶ್ಶಬ್ದವಾಗಿತ್ತು, ಬಾಗಿಲಲ್ಲಿ ನಿಂತವರಿಗೂ ಕೇಳಿಸಿತು. ಷಡ್ಡಕರ ಕೈ ಗಾಳಿಯಲ್ಲಿ ನಿಂತಿತು. ತೀರ್ಪುಗಾರರು ದಡದಡನೆ ಬಂದು ಎರಡೂ ಗಡಿಯಾರ ನಿಲ್ಲಿಸಿದರು. ಏನು ಮಾತಾಡಿದಿರಿ ಎಂದು ಕೇಳಿದರು. ಹೇಳಿದೆ. ಇದು ನಿಮ್ಮ ಮನೆ ಜಗಲಿಯಲ್ಲ, ಎದುರಾಳಿಯ ಗಮನ ಕೆಡಿಸುವ ಹಾಗಿಲ್ಲ ಎಂದು ಎಚ್ಚರಿಕೆ ಕೊಟ್ಟು, ದಂಡವಾಗಿ ಷಡ್ಡಕರ ಗಡಿಯಾರಕ್ಕೆ ಎರಡು ನಿಮಿಷ ಸೇರಿಸಿದರು. ಷಡ್ಡಕ, ನನಗೇನೂ ತೊಂದರೆಯಾಗಿಲ್ಲ ಎಂದು ಹೇಳಲು ಹೋದರು. ನೀವೂ ಮಾತಾಡಬೇಡಿ ಎಂದು ತೀರ್ಪುಗಾರರು ಅವರನ್ನೂ ಗದರಿದರು.

ಷಡ್ಡಕ ಮಂತ್ರಿಯನ್ನು ಸರಿಸಿದರು. ಸೇರಿಸಿದ ಎರಡು ನಿಮಿಷದಲ್ಲಿ ನಿಧಾನವಾಗಿ ಯೋಚಿಸಿ, ಒಳಮನೆಯಲ್ಲಿ ಸಿಕ್ಕಿಬಿದ್ದಿದ್ದ ಒಂಟೆಯನ್ನು ಹೊರಗೆ ತಂದು, ಹತ್ತು ನಡೆಯೊಳಗೆ ನನ್ನನ್ನು ಸೋಲಿಸಿದರು. ಬಾಗಿಲಲ್ಲಿದ್ದ ನನ್ನ ಗಿರಾಕಿಯೊಬ್ಬ, "ನೀವೇ ಹೇಳ್ಕೊಟ್ಟು ನೀವೇ ಸೋತ್ರಲ್ರಿ" ಎಂದು ತಲೆ ಚಚ್ಚಿಕೊಂಡ.

ಅವತ್ತು ಸಂಜೆ ನಮ್ಮ ಜಗಲಿಯ ಮೇಲೆ ಹೆಂಡತಿ ಸ್ಟೂಲು ಹಾಕಿದಳು. ಮಾವನ ಎದುರಿಗೆ ಷಡ್ಡಕ ಕೂತರು. ನಾನು ಒಳಗಿನಿಂದ ಶೇಂಗಾ ಮೊರ ತಂದು ದೂರದ ಕಂಬದ ಹತ್ತಿರ ಕೂರಲು ಹೊರಟೆ. ಹೊಟ್ಟೆಯೊಳಗೆ ಹಳೆಯ ಉರಿ ಇದ್ದಲ್ಲೇ ಇತ್ತು.

ಮಾವ ಕಾಯಿ ಜೋಡಿಸುವುದನ್ನು ನಿಲ್ಲಿಸಿದರು. ಕುರ್ಚಿಯನ್ನು ಒಂದು ಮೊಳ ಪಕ್ಕಕ್ಕೆ ಎಳೆದುಕೊಂಡು, ತಮ್ಮ ಮಗ್ಗುಲಲ್ಲಿ ಇನ್ನೊಂದು ಕುರ್ಚಿ ಹಿಡಿಯುವಷ್ಟು ಜಾಗ ಮಾಡಿದರು. ನಾನು ಕುರ್ಚಿ ತಂದು ಕೂತೆ. ಷಡ್ಡಕ ಬಿಳಿ ಸಿಪಾಯಿಯನ್ನು ಎರಡು ಮನೆ ನೂಕಿದರು. ಮಾವ ನನಗೆ ಕಾಣುವ ಹಾಗೆ ತಮ್ಮ ಸಿಪಾಯಿಯನ್ನು ಒಂದೇ ಮನೆ ಮುಂದಿಟ್ಟರು.